ಒಂದೇ ಅಡುಗೆಮನೆ, ಬೇರೆ ಬೇರೆ ಕೊಲೆಸ್ಟ್ರಾಲ್

ಮಲೆನಾಡಿನಲ್ಲಿ ಯಾರಿಗಾದರೂ ನಡುವಯಸ್ಸಿನಲ್ಲೇ ಹೃದಯಾಘಾತವಾದರೆ ಸಾವಿನ ಮನೆಯ ಅಂಗಳದಲ್ಲಿ ಒಂದು ಮಾತು ಕೇಳಿಯೇ ಕೇಳುತ್ತದೆ: "ಅಷ್ಟು ತೆಳ್ಳಗಿದ್ದರು, ದಿನಾ ಗುಡ್ಡ ಹತ್ತಿ ತೋಟಕ್ಕೆ ಇಳಿಯುತ್ತಿದ್ದರು, ಅವರಿಗೆ ಹೀಗಾಗುವುದೆಂದರೇನು?" ಹೊಟ್ಟೆ ಬಂದವರಿಗೆ, ಕುಳಿತು ತಿನ್ನುವವರಿಗೆ ಮಾತ್ರ ಕೊಲೆಸ್ಟ್ರಾಲ್ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ಈ ನಂಬಿಕೆ ಜೀವ ತೆಗೆಯುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಥಹಳ್ಳಿ ಕಡೆಯ ಒಂದು ಕೂಡುಕುಟುಂಬವನ್ನು ಊಹಿಸಿಕೊಳ್ಳಿ. ಅಣ್ಣ ತೋಟ ನೋಡಿಕೊಳ್ಳುತ್ತಾನೆ, ಮೈಯಲ್ಲಿ ಹಿಡಿ ಕೊಬ್ಬಿಲ್ಲ. ತಮ್ಮನಿಗೆ ಪೇಟೆಯಲ್ಲಿ ಅಂಗಡಿ, ಸ್ವಲ್ಪ ಹೊಟ್ಟೆಯೂ ಇದೆ. ಇಬ್ಬರೂ ತಿನ್ನುವುದು ಒಂದೇ ಒಲೆಯ ಕಡುಬು, ಅಕ್ಕಿರೊಟ್ಟಿ, ತೆಂಗಿನಕಾಯಿ ಚಟ್ನಿ. ರಕ್ತಪರೀಕ್ಷೆ ಮಾಡಿಸಿದರೆ ತಮ್ಮನ ಎಲ್‌ಡಿಎಲ್, ಅಂದರೆ ಹೆಚ್ಚಾದರೆ ರಕ್ತನಾಳಗಳಿಗೆ ಕೇಡು ತರುವ ಬಗೆಯ ಕೊಲೆಸ್ಟ್ರಾಲ್, ಪ್ರತಿ ಡೆಸಿಲೀಟರ್‌ಗೆ 120 ಮಿಲಿಗ್ರಾಂ, ಅಣ್ಣನದು 230. ಪ್ರಯೋಗಾಲಯದವರು ಹೆಸರು ಅದಲುಬದಲು ಮಾಡಿದ್ದಾರೆ ಎಂದು ಮನೆಯವರು ವಾದಿಸಬಹುದು. ಆದರೆ ಇಂಥ ವರದಿ ಪೂರ್ತಿ ಸರಿಯಾಗಿರಲು ಸಾಧ್ಯ.

ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ಊಟದಿಂದ ನೇರವಾಗಿ ಬಂದದ್ದಲ್ಲ, ದೇಹವೇ ತಯಾರಿಸಿದ್ದು. ಜೀವಕೋಶಗಳ ಹೊರಪೊರೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ನೀರಿನಲ್ಲಿ ಕರಗದ ಈ ವಸ್ತು ಪ್ರೋಟೀನ್ ಹೊದಿಕೆಯ ಸೂಕ್ಷ್ಮ ಕಣಗಳಲ್ಲಿ ಕುಳಿತು ರಕ್ತದಲ್ಲಿ ಸಂಚರಿಸುತ್ತದೆ. ಎಲ್‌ಡಿಎಲ್ ಎಂದರೆ ಅಂಥ ಒಂದು ಬಗೆಯ ಕಣ. ಯಕೃತ್ತಿನ ಜೀವಕೋಶಗಳ ಮೈಮೇಲೆ ಈ ಕಣವನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಕೆರೆಗೆ ಬರುವ ನೀರು ಎಂದಿನಷ್ಟೇ ಇದ್ದರೂ ತೂಬು ಅರ್ಧ ಮುಚ್ಚಿದ್ದರೆ ಮಟ್ಟ ಏರುತ್ತದಲ್ಲ, ಗ್ರಾಹಕಗಳು ಕಡಿಮೆಯಾದಾಗ ರಕ್ತದಲ್ಲಿ ಆಗುವುದೂ ಅದೇ.

ಇದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. 1970ರ ದಶಕದಲ್ಲಿ ಅವರು ಬಾಲ್ಯದಲ್ಲೇ ಹೃದ್ರೋಗಕ್ಕೆ ತುತ್ತಾಗುವ, ವಿಪರೀತ ಕೊಲೆಸ್ಟ್ರಾಲ್ ಇರುವ ರೋಗಿಗಳ ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದರು. ಆರೋಗ್ಯವಂತರ ಜೀವಕೋಶಗಳು ಸುತ್ತ ಎಲ್‌ಡಿಎಲ್ ಇದ್ದರೆ ತಮ್ಮ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತಿದ್ದವು. ಈ ಮಕ್ಕಳ ಜೀವಕೋಶಗಳಿಗೆ ಹೊರಗೆ ಎಲ್‌ಡಿಎಲ್ ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ಅವು ತಯಾರಿಸುತ್ತಲೇ ಇದ್ದವು. ಹಿಡಿದುಕೊಳ್ಳುವ ಗ್ರಾಹಕವೇ ಇರಲಿಲ್ಲ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಗ್ರಾಹಕದ ಜೀನ್ 19ನೇ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು. ಒಂದು ಪ್ರತಿ ಕೆಟ್ಟಿದ್ದರೂ ಸಾಕು, ಎಲ್‌ಡಿಎಲ್ ಹುಟ್ಟಿದಾಗಿನಿಂದಲೇ ಏರಿರುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ 190ನ್ನು ದಾಟುತ್ತದೆ. ಈ ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 17.5 ಲಕ್ಷ. ಅದೇ ಪ್ರಮಾಣ ಇಲ್ಲಿಗೂ ಹೊಂದಿದರೆ ಜಿಲ್ಲೆಯೊಂದರಲ್ಲೇ ಆರು ಸಾವಿರದಷ್ಟು ಜನ. ಬಹುತೇಕರಿಗೆ ಯಾವ ನೋವೂ ಇಲ್ಲ, ಆಯಾಸವೂ ಇಲ್ಲ.

ಎರಡೂ ಪ್ರತಿಗಳು ಕೆಟ್ಟಿರುವುದು ಬಹಳ ಅಪರೂಪ. ಆದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಹಿರಿಯರಿಂದ ಒಂದೇ ದೋಷ ಬಂದಿರುವ ಸಾಧ್ಯತೆ ಹೆಚ್ಚು. ಹಾಗಿದ್ದಾಗ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಎಳೆಯ ಮಗುವಿನ ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳೆದ್ದರೆ ಚರ್ಮರೋಗವೆಂದು ಮುಲಾಮು ಹಚ್ಚಿ ಸುಮ್ಮನಿರಬಾರದು.

ದೊಡ್ಡವರಲ್ಲೂ ಕೆಲವೊಮ್ಮೆ ಕುರುಹು ಸಿಗುತ್ತದೆ. ಹಿಮ್ಮಡಿಯಿಂದ ಮೀನಖಂಡಕ್ಕೆ ಏರುವ ಸ್ನಾಯುರಜ್ಜುವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿ. ಅದು ತೆಳುವಾಗಿ, ಅಂಚು ಸ್ಪಷ್ಟವಾಗಿರಬೇಕು. ದಪ್ಪಗಾಗಿ, ಒಳಗೆ ಗಂಟುಗಂಟಾಗಿ ಸಿಕ್ಕರೆ ಅಲ್ಲಿ ಕೊಲೆಸ್ಟ್ರಾಲ್ ಜಮೆಯಾಗಿರಬಹುದು. ಬೂಟು ಉಜ್ಜಿ ಹೀಗಾಗಿದೆ ಎಂದುಕೊಂಡು ವರ್ಷಗಟ್ಟಲೆ ಓಡಾಡುವವರಿದ್ದಾರೆ. 45 ವರ್ಷದೊಳಗೇ ಕಣ್ಣಿನ ಕರಿಗುಡ್ಡೆಯ ಅಂಚಿಗೆ ಬೂದುಬಿಳಿ ಬಳೆ ಮೂಡಿದ್ದರೂ ವೈದ್ಯರಿಗೆ ತೋರಿಸಬೇಕು.

ಜೀನ್‌ಗಳು ಕೇಡು ಮಾತ್ರ ತರುತ್ತವೆ ಎಂದುಕೊಳ್ಳಬಾರದು. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಎಲ್‌ಡಿಎಲ್ ಗ್ರಾಹಕಕ್ಕೆ ಅಂಟಿಕೊಂಡು ಅದನ್ನು ನಾಶದ ದಾರಿಗೆ ಹಚ್ಚುತ್ತದೆ. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಇದು ಅತಿಯಾಗಿ ಕೆಲಸ ಮಾಡುವ ಕುಟುಂಬಗಳನ್ನು ಗುರುತಿಸಿದರು. ಅವರಲ್ಲಿ ಕೊಲೆಸ್ಟ್ರಾಲ್ ಏರಿತ್ತು. ಅದಕ್ಕಿಂತ ದೊಡ್ಡ ಸುದ್ದಿ ಬಂದದ್ದು 2006ರಲ್ಲಿ, ಮತ್ತೆ ಡಲ್ಲಾಸ್‌ನಿಂದ. ಹೆಲೆನ್ ಹಾಬ್ಸ್, ಜೊನಾಥನ್ ಕೊಹೆನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಈ ಜೀನಿನ ಒಂದು ಪ್ರತಿ ಕೆಲಸ ಮಾಡದ ಕಪ್ಪು ಅಮೆರಿಕನ್ನರ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು. ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯವೋ ಶೇ 88ರಷ್ಟು ಕಡಿಮೆ! ಇಳಿಕೆ ಸಾಧಾರಣದ್ದು, ಫಲ ಅಸಾಧಾರಣ. ಏಕೆಂದರೆ ಅವರ ರಕ್ತನಾಳಗಳಿಗೆ ಆ ಲಾಭ ತೊಟ್ಟಿಲಿನಿಂದಲೇ ಸಿಕ್ಕಿತ್ತು. 2015ರಲ್ಲಿ ಬಳಕೆಗೆ ಬಂದ ಪಿಸಿಎಸ್‌ಕೆ9 ತಡೆಯುವ ಚುಚ್ಚುಮದ್ದುಗಳ ಮೂಲ ಇದೇ ಅರಿವು. ಏರಿದ ಎಲ್‌ಡಿಎಲ್ ಎಷ್ಟು ವರ್ಷ ಉಳಿಯಿತು ಎಂಬುದೂ ಲೆಕ್ಕಕ್ಕೆ ಬರುವುದರಿಂದಲೇ, "ಐವತ್ತಾದ ಮೇಲೆ ನೋಡೋಣ" ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಹೆಚ್ಚಿನವರ ಕಥೆ ಒಂದೇ ಜೀನಿನದ್ದಲ್ಲ. 2021ರಲ್ಲಿ ಸುಮಾರು 16.5 ಲಕ್ಷ ಜನರ ಮಾಹಿತಿ ಜಾಲಾಡಿದಾಗ ರಕ್ತದ ಕೊಬ್ಬಿನೊಂದಿಗೆ ನಂಟಿರುವ 900ಕ್ಕೂ ಹೆಚ್ಚು ತಾಣಗಳು ನಮ್ಮ ಜೀನೋಮಿನಲ್ಲಿ, ಅಂದರೆ ಇಡೀ ಜೀನ್ ಸಂಗ್ರಹದಲ್ಲಿ, ಸಿಕ್ಕವು. ಒಂದೊಂದರ ಪ್ರಭಾವ ಅತ್ಯಲ್ಪ, ಒಟ್ಟು ಸೇರಿದರೆ ಗಣನೀಯ. ಟ್ರೈಗ್ಲಿಸರೈಡ್ ಎಂಬ, ರಕ್ತದ ಇನ್ನೊಂದು ಬಗೆಯ ಕೊಬ್ಬಿನಲ್ಲಿ ಜೀನ್ ಮತ್ತು ತಟ್ಟೆಯ ಹೊಂದಾಣಿಕೆ ಎದ್ದು ಕಾಣುತ್ತದೆ. ಅನ್ನ, ಸಿಹಿ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಮದ್ಯವೂ ಟ್ರೈಗ್ಲಿಸರೈಡನ್ನು ಏರಿಸುತ್ತದೆ. ಎಪಿಒಎ5ನಂಥ ಜೀನ್‌ಗಳಲ್ಲಿ ವ್ಯತ್ಯಾಸವಿದ್ದವರಲ್ಲಿ ಮಟ್ಟ ಬೇಗ ಮೇಲೇರುತ್ತದೆ. ಶುದ್ಧ ಸಸ್ಯಾಹಾರಿಗಳ ವರದಿಯಲ್ಲೂ ಅದು ಕೆಂಪಕ್ಷರದಲ್ಲಿ ಬರುವುದು ಹೀಗೆ. ಇಲ್ಲಿ ಊಟ ತಿದ್ದಿಕೊಂಡರೆ, ನಡೆದಾಡಿದರೆ ಚೆನ್ನಾಗಿ ಇಳಿಯುತ್ತದೆ.

ಲಿಪೋಪ್ರೋಟೀನ್‌-ಎ ಎಂಬ, ಹೆಚ್ಚಾದರೆ ರಕ್ತನಾಳಗಳಿಗೆ ಕೇಡು ತರುವ ಇನ್ನೊಂದು ಕಣದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಗುರುತಿಸಿದ ಇದರ ಮಟ್ಟ ಬಹುಪಾಲು ಜೀನ್‌ನಿಂದಲೇ ನಿರ್ಧಾರವಾಗುತ್ತದೆ. ಪಥ್ಯಕ್ಕೂ ವ್ಯಾಯಾಮಕ್ಕೂ ಜಗ್ಗುವುದಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಯುರೋಪಿಯನ್ನರಿಗಿಂತ ಸರಾಸರಿ ಹೆಚ್ಚು. ರಕ್ತದ ಕೊಬ್ಬನ್ನು ಅಳೆಯುವ ಸಾಮಾನ್ಯ ಲಿಪಿಡ್ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಕೇಳಿ ಮಾಡಿಸಬೇಕು. ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು.

ಹಾಗಾದರೆ ಜೀನ್ ಕೆಟ್ಟವರಿಗೆ ಪಥ್ಯ ಬೇಡವೇ? ಬೇಕು. ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ಆದರೆ ಅದರಲ್ಲಿ ಹೇರಳವಾಗಿರುವ ಸಂತೃಪ್ತ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ; ತುಪ್ಪದ ಸಂತೃಪ್ತ ಕೊಬ್ಬೂ ಹಾಗೆಯೇ ಏರಿಸುತ್ತದೆ. ಮೊದಲೇ ಗ್ರಾಹಕ ಕೊರತೆಯಿರುವವರು ಎರಡನ್ನೂ ಮಿತವಾಗಿ ಬಳಸುವುದು ಒಳ್ಳೆಯದು. ಆದರೆ 230ನ್ನು ಪಥ್ಯವೊಂದರಿಂದಲೇ 100ಕ್ಕೆ ಇಳಿಸುತ್ತೇನೆ ಎಂದು ಹಟ ಹಿಡಿಯುವುದು ಕಾಲಹರಣ. ಸ್ಟ್ಯಾಟಿನ್ ಮಾತ್ರೆ ಯಕೃತ್ತಿನ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸಿ, ಅದು ಹೆಚ್ಚು ಗ್ರಾಹಕಗಳನ್ನು ಮೈಮೇಲೆ ತರುವಂತೆ ಮಾಡುತ್ತದೆ. ಊಹಿಸಿಕೊಂಡ ಆ ಅಣ್ಣನಲ್ಲೂ ಒಳ್ಳೆಯ ಪ್ರತಿ ಒಂದು ಉಳಿದೇ ಇದೆಯಲ್ಲ, ಮಾತ್ರೆ ಅದನ್ನು ದುಡಿಸುತ್ತದೆ.

ದುಬಾರಿ ಜೀನ್ ಪರೀಕ್ಷೆಯಿಂದಲೇ ಆರಂಭಿಸಬೇಕಿಲ್ಲ. ತಾಲ್ಲೂಕು ಕೇಂದ್ರದಲ್ಲೇ ಆಗುವ ಲಿಪಿಡ್ ಪರೀಕ್ಷೆ ಮತ್ತು ಮನೆತನದ ಇತಿಹಾಸ ಸೇರಿದರೆ ಬಹಳಷ್ಟು ತಿಳಿಯುತ್ತದೆ. 55 ವರ್ಷದೊಳಗಿನ ಗಂಡಸರಿಗೆ, 60 ವರ್ಷದೊಳಗಿನ ಹೆಂಗಸರಿಗೆ ಮನೆಯಲ್ಲಿ ಹೃದಯಾಘಾತವಾಗಿತ್ತೇ ಎಂದು ಹಿರಿಯರನ್ನು ಕೇಳಿ. "ಗ್ಯಾಸ್ಟ್ರಿಕ್ ಎಂದು ಮಲಗಿದವರು ಏಳಲೇ ಇಲ್ಲ" ಎಂಬ ಉತ್ತರ ಬಂದರೆ ಅದನ್ನೂ ವೈದ್ಯರಿಗೆ ಹೇಳಿ. ಒಬ್ಬರಲ್ಲಿ ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಖಚಿತವಾದರೆ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಮಕ್ಕಳಿಗೆ ಹತ್ತು ವರ್ಷ ತುಂಬುವುದರೊಳಗೆ ಪರೀಕ್ಷೆ ಮಾಡಿಸಬೇಕು. ಮದುವೆಯಾಗಿ ಕೊಪ್ಪಕ್ಕೋ ಸಾಗರಕ್ಕೋ ಹೋದ ಅಕ್ಕತಂಗಿಯರನ್ನು ಮಾತ್ರ ಈ ವಿಚಾರದಲ್ಲಿ ಮನೆಯವರು ಮರೆತೇಬಿಡುತ್ತಾರೆ. ವರದಿ ಕೈಸೇರಿದ ದಿನವೇ ಅವರಿಗೂ ಫೋನ್ ಮಾಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ ರಕ್ತ ಕೊಟ್ಟುಬರಲು ಹೇಳಿ.