ಮೀಟರಿನಲ್ಲಿ 94, ರಕ್ತದಲ್ಲಿ 86

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ, ಸಾಗರದ ಕಡೆ ತೋಟದ ಕೆಲಸಕ್ಕೆ ಬಂದಿದ್ದ ಒಬ್ಬ ಸಿದ್ದಿ ಯುವಕ ಶಿವಮೊಗ್ಗದ ನಮ್ಮ ಆಸ್ಪತ್ರೆಗೆ ಬಂದಿದ್ದ. ನಾಲ್ಕು ದಿನದಿಂದ ಜ್ವರ, ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕೌಂಟರಿನಲ್ಲಿದ್ದ ನಮ್ಮ ಹುಡುಗ ಅವನನ್ನು ನೋಡಿದವನೇ ಇಂಗ್ಲಿಷಿನಲ್ಲಿ ಮಾತಾಡಿಸಿ, ಯಾವ ದೇಶ ಅಂತ ಕೇಳಿದ್ದ. “ನಾನು ಯಲ್ಲಾಪುರದವನು ಮಾರಾಯ, ಕನ್ನಡದಲ್ಲೇ ಕೇಳು” ಅಂದನಂತೆ.

ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರಾಗಿ ತಂದದ್ದು ಶತಮಾನಗಳ ಹಿಂದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಅವರದ್ದು ತಲೆತಲಾಂತರದ ಬದುಕು. ಪಕ್ಕದ ಜಿಲ್ಲೆಯವನನ್ನು ನಾವು ಬರೀ ಮುಖ ನೋಡಿ ಹೊರಗಿನವನು ಮಾಡಿಬಿಟ್ಟೆವು.

ಒಳಗೆ ಬಂದ ಮೇಲೆ ತಪ್ಪು ನನ್ನದು. ಬೆರಳಿಗೆ ಆಕ್ಸಿಮೀಟರ್ ಹಾಕಿದೆ, ರಕ್ತದ ಆಮ್ಲಜನಕದ ಮಟ್ಟ ಶೇ. 94 ಬಂತು. ಅಡ್ಡಿಯಿಲ್ಲ ಅಂದುಕೊಂಡು ಮಾತ್ರೆ ಬರೆಯಲು ಶುರು ಮಾಡಿದೆ. ಅವನು ಒಂದು ಮಾತು ಮುಗಿಸುವುದರೊಳಗೆ ಎರಡು ಸಲ ಉಸಿರು ಎಳೆದುಕೊಂಡ. ಪೆನ್ನು ಕೆಳಗಿಟ್ಟೆ. ಉಸಿರು ಎಣಿಸಿದೆ, ನಿಮಿಷಕ್ಕೆ 32. ಕೆಳದುಟಿ ಮಡಚಿ ಒಳಭಾಗ ನೋಡಿದೆ, ತೆಳುವಾಗಿ ನೀಲಿ. ಮಣಿಕಟ್ಟಿನಲ್ಲಿ ನಾಡಿ ಬಡಿಯುವ ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷೆಗೆ ಹಾಕಿದರೆ ಆಮ್ಲಜನಕದ ಮಟ್ಟ 86. ಬೆರಳಿನ ಮೀಟರ್ ಆಗಲೂ 94 ಅಂತಲೇ ತೋರಿಸುತ್ತಿತ್ತು. ತಕ್ಷಣ ಆಕ್ಸಿಜನ್ ಹಾಕಿ ಒಳರೋಗಿಯಾಗಿ ಸೇರಿಸಿಕೊಂಡೆವು.

ಹೀಗೆ ಯಾಕಾಗುತ್ತದೆ? ಆಕ್ಸಿಮೀಟರ್ ಬೆರಳಿನೊಳಗೆ ಎರಡು ಬೆಳಕು ಹಾಯಿಸುತ್ತದೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ರಕ್ತ ಯಾವುದನ್ನು ಎಷ್ಟು ಹೀರಿತು ಅನ್ನುವ ಲೆಕ್ಕದಿಂದ ಅಂಕಿ ಬರುತ್ತದೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ, ಅಲ್ವಾ? ಈ ಲೆಕ್ಕ ಹೊಂದಿಸುವಾಗ ಬೆರಳು ಕೊಟ್ಟವರಲ್ಲಿ ತಿಳಿಬಣ್ಣದ ಚರ್ಮದವರೇ ಜಾಸ್ತಿ. ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ಮೀಟರನ್ನು 10 ಜನರ ಮೇಲೆ ಪರೀಕ್ಷಿಸಿದರೆ ಅದರಲ್ಲಿ ಇಬ್ಬರು ಕಪ್ಪು ಚರ್ಮದವರಿದ್ದರೆ ಸಾಕಿತ್ತು.

2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಅಂಕಿ ಸಮೇತ ತೋರಿಸಿದರು. ಮೀಟರಿನಲ್ಲಿ 92ರಿಂದ 96 ಬಂದವರಲ್ಲಿ, ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಕೋವಿಡ್ ಕಾಲದಲ್ಲಿ ಯಾರಿಗೆ ಹಾಸಿಗೆ, ಯಾರು ಮನೆಗೆ ಅಂತ ಹೇಳುತ್ತಿದ್ದುದೇ ಈ ಅಂಕಿ! ಇಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ದ್ವೇಷಿಸಲೂ ಇಲ್ಲ. ಆದರೂ ಹೆಚ್ಚು ಏಟು ಬಿದ್ದದ್ದು ಒಂದು ಕಡೆಯವರಿಗೆ. ವರ್ಣಭೇದ ಅಂದರೆ ಬೈಗುಳ ಮಾತ್ರ ಅಂದುಕೊಂಡರೆ ಇಂಥದ್ದು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಕಿಡ್ನಿಯ ವಿಷಯದಲ್ಲಂತೂ ಬಣ್ಣವನ್ನು ಲೆಕ್ಕದೊಳಗೇ ಸೇರಿಸಿದ್ದರು. ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ಆಧರಿಸಿದ 2009ರ ಸೂತ್ರ, ರೋಗಿ ಕಪ್ಪು ಜನಾಂಗದವರಾದರೆ ಕಿಡ್ನಿಯ ಶಕ್ತಿಯನ್ನು ಸುಮಾರು ಶೇ. 16 ಹೆಚ್ಚು ತೋರಿಸುತ್ತಿತ್ತು. ಕಾಗದದ ಮೇಲೆ ಕಿಡ್ನಿ ಚೆನ್ನಾಗಿದೆ, ಹಾಗಾಗಿ ಕಸಿಯ ಪಟ್ಟಿಗೆ ಹೆಸರು ಸೇರುವುದು ತಡ. ಅಮೆರಿಕದ ವಿದ್ಯಾರ್ಥಿಗಳು, ವೈದ್ಯರು ಪಟ್ಟುಹಿಡಿದು ಪ್ರಶ್ನಿಸಿದರು. 2021ರಲ್ಲಿ ಜನಾಂಗದ ಲೆಕ್ಕವಿಲ್ಲದ ಸೂತ್ರ ಬಂತು. ನನಗೆ ತುಂಬಾ ಹಿಡಿಸಿದ್ದು ಅದರ ಮುಂದಿನದು: ಹಳೆ ಸೂತ್ರದಿಂದ ಪಟ್ಟಿಯ ಲೆಕ್ಕಕ್ಕೆ ಸೇರದೆ ಹೋದ ಕಾಯುವ ಸಮಯವನ್ನು ಆ ರೋಗಿಗಳಿಗೆ ವಾಪಸ್ ಕೊಡಬೇಕು ಅಂತ 2023ರಿಂದ ನಿಯಮವಾಯಿತು. ಬರೀ ಕ್ಷಮೆ ಕೇಳಿ ಮುಗಿಸಲಿಲ್ಲ, ಸಾಲ ತೀರಿಸಿದರು.

ನಾವೂ ನಮ್ಮ ಮಟ್ಟಿಗೆ ಬದಲಾಯಿಸಿಕೊಂಡೆವು. ಕಪ್ಪು ಮೈಬಣ್ಣದವರಲ್ಲಿ ಮೀಟರ್ 92ರಿಂದ 96 ಬಂದು ಉಸಿರು ಜೋರಾಗಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಹೊಸ ನರ್ಸ್‌ಗಳಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ: ಕಪ್ಪು ಚರ್ಮದಲ್ಲಿ ನೀಲಿಯನ್ನು ತುಟಿಯ ಒಳಗೆ, ನಾಲಿಗೆಯಲ್ಲಿ ಹುಡುಕಿ, ಕಾಮಾಲೆಯನ್ನು ಕಣ್ಣಿನ ಬಿಳಿಯಲ್ಲಿ, ರಕ್ತಹೀನತೆಯನ್ನು ಕೆಳರೆಪ್ಪೆಯ ಒಳಗೆ. ಕೌಂಟರಿನ ಹುಡುಗನನ್ನೂ ಕೂರಿಸಿಕೊಂಡು ಮಾತಾಡಿದೆ, ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಮನೆಯಲ್ಲಿ ಮೀಟರ್ ಇಟ್ಟುಕೊಂಡವರು, ಊರೂರು ತಿರುಗುವ ಆಶಾ ಅಕ್ಕಂದಿರು ಇದೊಂದು ನೆನಪಿಡಿ. ಅಂಕಿ ಚೆನ್ನಾಗಿದ್ದರೂ ಮಾತಾಡುವಾಗ ಉಸಿರು ಕಟ್ಟುತ್ತಿದ್ದರೆ ಸುಮ್ನೆ ಮನೆಯಲ್ಲಿ ಕೂರಬೇಡಿ, ಕೂರಿಸಲೂ ಬೇಡಿ. ಒಂದು ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ದೊಡ್ಡವರಲ್ಲಿ 24 ದಾಟಿದರೆ ಆಸ್ಪತ್ರೆಗೆ ಹೊರಡಿ.