ಫಂಗಸ್ ನ್ಯಾಟ್: ಔಷಧಿ ಹಾಕಿದ ಮೇಲೂ ಹುಳ ಯಾಕೆ ಹಾರುತ್ತವೆ?

ಕುಂಡ ಅಲುಗಾಡಿಸಿದರೆ ಎದ್ದು ಹಾರುವ, 3 ಮಿಲಿಮೀಟರ್ ಉದ್ದದ ಕಪ್ಪು ಹುಳ ಇದು. ಹಣ್ಣಿನ ನೊಣ ಅಲ್ಲ. ಹಣ್ಣಿನ ನೊಣ ಗಿಡ್ಡ, ದುಂಡಗೆ, ಸಾಮಾನ್ಯವಾಗಿ ಕೆಂಪು ಕಣ್ಣು. ಇದಕ್ಕೆ ತೆಳ್ಳಗಿನ ಮೈ, ಉದ್ದ ಕಾಲು. ಕಚ್ಚುವುದಿಲ್ಲ. ಹಾರುವುದರಲ್ಲೂ ಅಷ್ಟಕ್ಕಷ್ಟೆ, ಮಣ್ಣಿನ ಮೇಲೆ ಓಡಾಡುವುದೇ ಜಾಸ್ತಿ.

ಗಿಡಕ್ಕೆ ತೊಂದರೆ ಕೊಡುವುದು ಹಾರುವ ಹುಳ ಅಲ್ಲ, ಮಣ್ಣಿನೊಳಗಿನ ಮರಿಹುಳ. ಅದು ಬೂಷ್ಟು ಮತ್ತು ಕೊಳೆತ ಎಲೆ, ಬೇರು ತಿನ್ನುತ್ತದೆ. ಸಂಖ್ಯೆ ಜಾಸ್ತಿಯಾದರೆ ಎಳೆ ಬೇರಿಗೂ ಬಾಯಿ ಹಾಕುತ್ತದೆ. ದೊಡ್ಡ ಗಿಡ ತಡೆದುಕೊಳ್ಳುತ್ತದೆ, ಸಸಿ ಮತ್ತು ಹೊಸದಾಗಿ ನೆಟ್ಟ ಕಡ್ಡಿಗಳು ಸೊರಗುತ್ತವೆ.

ಮೊದಲ ಕೆಲಸ ನೀರು ಕಡಿಮೆ ಮಾಡುವುದು. ಮೇಲಿನ 2–3 ಸೆಂಟಿಮೀಟರ್ ಮಣ್ಣು ಒಣಗಿದ ಮೇಲೇ ನೀರು ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಮುಂದೆ ಹೋಗೋಣ.

ತಲೆ ಕೆಡಿಸುವ ಭಾಗ ಬಿಟಿಐ. ಇದೊಂದು ಬ್ಯಾಕ್ಟೀರಿಯಾ. ಸೊಳ್ಳೆ ಮರಿಗಳನ್ನು ಕೊಲ್ಲಲು ಬಳಸುತ್ತಾರೆ, ನ್ಯಾಟ್ ಮರಿಗೂ ಆಗುತ್ತದೆ. ನೀರಲ್ಲಿ ಕಲಸಿ ಮಣ್ಣಿಗೆ ಹಾಕುತ್ತೇವೆ. ವಾರ ಕಳೆದರೂ ಹುಳ ಹಾರುತ್ತಲೇ ಇರುತ್ತವೆ. ಔಷಧಿ ಸುಳ್ಳು ಅನ್ನಿಸುತ್ತದೆ, ಅಲ್ವಾ? ಸುಳ್ಳಲ್ಲ, ಲೆಕ್ಕ ಬೇರೆ.

ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ 3 ದಿನ, ಮರಿಹುಳ 10 ದಿನ, ಕೋಶ (ಮರಿ ರೆಕ್ಕೆಯ ಹುಳವಾಗಿ ಬದಲಾಗುವ ಹಂತ) 4 ದಿನ. ಆಮೇಲೆ ರೆಕ್ಕೆ ಬಂದ ಹುಳ ಒಂದು ವಾರ ಬದುಕುತ್ತದೆ, ಕೆಲವು ಸಲ ಇನ್ನೂ ಸ್ವಲ್ಪ ಜಾಸ್ತಿ. ಬಿಟಿಐ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಈ ನಾಲ್ಕು ಹಂತಗಳಲ್ಲಿ ಮಣ್ಣಲ್ಲಿದ್ದು ತಿನ್ನುವುದು ಮರಿಹುಳ ಒಂದೇ. ಮೊಟ್ಟೆ ತಿನ್ನುವುದಿಲ್ಲ, ಕೋಶವೂ ತಿನ್ನುವುದಿಲ್ಲ.

ಈಗ ಲೆಕ್ಕ ಹಾಕಿ. ಇವತ್ತು ಔಷಧಿ ಹಾಕಿದೆವು, ತಿನ್ನುತ್ತಿದ್ದ ಮರಿಗಳೆಲ್ಲ ಸತ್ತವು ಅಂತಲೇ ಇಟ್ಟುಕೊಳ್ಳಿ. ಆದರೂ ಇವತ್ತು ಕೋಶದಲ್ಲಿದ್ದದ್ದು 4ನೇ ದಿನದವರೆಗೂ ಹೊರಗೆ ಬರುತ್ತಲೇ ಇರುತ್ತದೆ. ಕೊನೆಗೆ ಬಂದದ್ದು 11ನೇ ದಿನದ ಹೊತ್ತಿಗೂ ಹಾರುತ್ತಿರುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆ ಮೊಟ್ಟೆ ಒಡೆಯುವುದು 14ನೇ ದಿನ. ಒಂದು ಹೆಣ್ಣು ಇನ್ನೂರರವರೆಗೂ ಮೊಟ್ಟೆ ಇಡಬಲ್ಲದು. ಅಷ್ಟು ಹೊತ್ತಿಗೆ ಮೊದಲ ದಿನದ ಬಿಟಿಐ ಮಣ್ಣಲ್ಲಿ ಉಳಿದಿರುವುದಿಲ್ಲ, ಕುಂಡದಲ್ಲಿ ಅದು ತಾನೇ ಬೆಳೆದು ಹೆಚ್ಚಾಗುವುದೂ ಇಲ್ಲ. ಹಾಗಾಗಿ ಒಂದು ಸಲ ಹಾಕಿ ಸುಮ್ನೆ ಕೂತರೆ ಕಥೆ ಮೊದಲಿಂದ ಶುರು.

5 ದಿನಕ್ಕೊಮ್ಮೆ ಹಾಕಿ ಅನ್ನುವುದು ಇದಕ್ಕೇ. ಮರಿಯ ಆಯಸ್ಸು 10 ದಿನ ಇರುವಾಗ, 5 ದಿನಕ್ಕೊಮ್ಮೆ ಹಾಕಿದರೆ ಪ್ರತಿ ಮರಿಯೂ ಕೋಶ ಆಗುವ ಮೊದಲು ಒಂದು ಸಲವಾದರೂ ಔಷಧಿ ತಿಂದೇ ತಿನ್ನುತ್ತದೆ. 10 ದಿನಕ್ಕೊಮ್ಮೆ ಸಾಲದಾ? ಸಾಲದು. ಕೋಶ ಆಗುವ ಮುಂಚೆ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ, ಅಂಥದ್ದು ತಪ್ಪಿಸಿಕೊಳ್ಳುತ್ತದೆ. ಮೂರು ನಾಲ್ಕು ವಾರ ಬಿಡದೆ ಹಾಕಬೇಕು. ತಂಪು ಜಾಗದಲ್ಲಿ ಎಲ್ಲ ಹಂತವೂ ನಿಧಾನ, ಅಲ್ಲಿ ಇನ್ನೂ ಸ್ವಲ್ಪ ಮುಂದುವರಿಸಿ.

ಹಳದಿ ಅಂಟು ಹಾಳೆ ಕುಂಡದಲ್ಲಿ ಚುಚ್ಚಿಡಿ. ಹಾರುವ ಹುಳ ಅಂಟಿಕೊಂಡರೆ ಮೊಟ್ಟೆ ಅಷ್ಟು ಕಡಿಮೆ. ಆದರೆ ಅದೊಂದರಿಂದಲೇ ಹುಳ ಮುಗಿಯುವುದಿಲ್ಲ. ಮಣ್ಣಿನ ಮೇಲೆ ಮರಳು ಹರಡುವುದು ನನಗೆ ಇಷ್ಟವಿಲ್ಲ, ಕೆಳಗಿನ ಮಣ್ಣು ಒದ್ದೆಯಾ ಒಣಗಿದೆಯಾ ಅಂತ ಗೊತ್ತೇ ಆಗುವುದಿಲ್ಲ.

ನನ್ನ ಅಚ್ಚುಮೆಚ್ಚಿನ ಉಪಾಯ ಹಸಿ ಆಲೂಗಡ್ಡೆ. ಎರಡು ಸೆಂಟಿಮೀಟರ್ ಅಗಲದ ಹೋಳು ಮಾಡಿ, ಕೊಯ್ದ ಬದಿ ಮಣ್ಣಿಗೆ ತಾಗುವಂತೆ ಒತ್ತಿಡಿ. ಎರಡು ದಿನ ಬಿಟ್ಟು ಎತ್ತಿ ಬೆಳಕಿಗೆ ಹಿಡಿಯಿರಿ. ಗಾಜಿನಂಥ ಬಿಳಿ ಮೈ, ತುದಿಯಲ್ಲಿ ಹೊಳೆಯುವ ಕಪ್ಪು ತಲೆ, ಕಾಲಿಲ್ಲ: ಅದೇ ಮರಿ. ಎಲ್ಲ ಕುಂಡಗಳಲ್ಲೂ ಒಂದೊಂದು ಹೋಳು ಇಟ್ಟರೆ ಯಾವುದು ತವರುಮನೆ ಅಂತ ತಿಳಿಯುತ್ತದೆ. ಹಾರುವ ಹುಳ ನೋಡಿ ಇದನ್ನು ಹೇಳಲು ಆಗದು, ಅವು ಎಲ್ಲೆಲ್ಲೋ ಕೂರುತ್ತವೆ. ಮರಿ ಜಾಸ್ತಿ ಸಿಕ್ಕ ಕುಂಡವನ್ನು ಬೇರೆ ಇಡಿ. ನೋಡಿದ ಹೋಳನ್ನು ಮಣ್ಣಿಗೆ ವಾಪಸ್ ಹಾಕಬೇಡಿ, ಕೊಳೆತರೆ ಅದೇ ಅವಕ್ಕೆ ಊಟ. ವಾರಕ್ಕೊಂದು ಹೊಸ ಹೋಳು ಇಡುತ್ತಾ ಬನ್ನಿ. ಮೂರು ವಾರ ಸತತವಾಗಿ ಹೋಳು ಖಾಲಿ ಬಂದರೆ ಆ ಕುಂಡಕ್ಕೆ ಬಿಟಿಐ ನಿಲ್ಲಿಸಬಹುದು.