ಕಳಗಂ ಅಂದರೇನು, ಆ ಕಪ್ಪು-ಕೆಂಪು ಬಾವುಟದ ಅರ್ಥವೇನು?

ಡಿಎಂಕೆ ಅನ್ನೋದನ್ನು ಬಿಡಿಸಿ ಹೇಳಿ ಅಂದರೆ 'ದ್ರಾವಿಡ ಮುನ್ನೇತ್ರ ಕಳಗಂ' ಅಂತ ಥಟ್ಟನೆ ಹೇಳುತ್ತೇವೆ. ಆದರೆ ಕಳಗಂ ಅಂದರೆ ಏನು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಕಳಗಂ ಅಂದರೆ ಕೂಟ, ಸಂಘ. ತಮಿಳಿನಲ್ಲಿ ಅದರ ನಡುವಿನ ಅಕ್ಷರ ನಮ್ಮ ಹಳಗನ್ನಡದ ೞ. ನಾವು ಅದನ್ನು ಬಿಟ್ಟು ಳ ಮಾಡಿಕೊಂಡೆವು, ಅವರು ಉಳಿಸಿಕೊಂಡಿದ್ದಾರೆ. 'ಮುನ್ನೇತ್ರ' ಕೂಡ ನೆಂಟ ಪದವೇ. ಮುನ್ ಅಂದರೆ ನಮ್ಮ ಮುಂದೆ, ಉಳಿದದ್ದು ನಮ್ಮ ಏರು. ಮುಂದಕ್ಕೆ ಏರುವುದು, ಅಂದರೆ ಮುನ್ನಡೆ. ಇದನ್ನು ನೇತ್ರ ಅಂದುಕೊಂಡು ಕಣ್ಣಿಗೆ ಜೋಡಿಸಬೇಡಿ.

ಈಗ ಬಾವುಟಕ್ಕೆ ಬರೋಣ. 1916ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬ್ರಾಹ್ಮಣೇತರರ ಪರವಾಗಿ ಜಸ್ಟೀಸ್ ಪಾರ್ಟಿ ಹುಟ್ಟಿತು. ಆಗ ಮಂಗಳೂರು, ಬಳ್ಳಾರಿ ಕೂಡ ಅದೇ ಪ್ರಾಂತ್ಯದಲ್ಲಿದ್ದವು. 1944ರಲ್ಲಿ ಸೇಲಂನಲ್ಲಿ ಪೆರಿಯಾರ್ ಮುಂದಾಳತ್ವದಲ್ಲಿ ಆ ಪಕ್ಷ 'ದ್ರಾವಿಡರ್ ಕಳಗಂ' ಆಯಿತು. (ಈರೋಡಿನ ಪೆರಿಯಾರ್ ಅವರ ಮನೆಮಾತು ಕನ್ನಡ. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.) ಅದರ ಬಾವುಟ ಪೂರ್ತಿ ಕಪ್ಪು, ನಡುವೆ ಒಂದು ಕೆಂಪು ವೃತ್ತ. ಕಪ್ಪು ಅಂದರೆ ಜನ ಶತಮಾನಗಳಿಂದ ಅನುಭವಿಸಿದ ಅವಮಾನ. ಕೆಂಪು ಅಂದರೆ ಅದನ್ನು ಅಳಿಸಿಯೇ ತೀರುತ್ತೇವೆ ಅನ್ನುವ ಹಟ. ಮೊದಲ ಮಾದರಿ ಮಾಡುವಾಗ ಯುವಕ ಕರುಣಾನಿಧಿ ಬೆರಳು ಚುಚ್ಚಿಕೊಂಡು ತಮ್ಮ ರಕ್ತದಿಂದಲೇ ಆ ವೃತ್ತ ಬರೆದರು ಅಂತ ಪಕ್ಷದವರು ಇವತ್ತಿಗೂ ಹೇಳುತ್ತಾರೆ.

1949ರಲ್ಲಿ ಪೆರಿಯಾರ್ ತಮಗಿಂತ ಬಹಳ ಚಿಕ್ಕವರಾದ ಮಣಿಯಮ್ಮೈ ಅವರನ್ನು ಮದುವೆಯಾದಾಗ, ಮೊದಲೇ ಇದ್ದ ಭಿನ್ನಾಭಿಪ್ರಾಯ ಸೇರಿಕೊಂಡು, ಅಣ್ಣಾದುರೈ ಮತ್ತು ಅವರ ಜೊತೆಗಾರರು ಹೊರಬಂದರು. ಅದೇ ವರ್ಷ ಸೆಪ್ಟೆಂಬರ್ 17ರಂದು ಡಿಎಂಕೆ ಹುಟ್ಟಿತು. ಆ ದಿನ ಪೆರಿಯಾರ್ ಅವರ ಜನ್ಮದಿನ! ಅಣ್ಣಾದುರೈ ಪ್ರಧಾನ ಕಾರ್ಯದರ್ಶಿ ಆದರು, ಅಧ್ಯಕ್ಷರ ಕುರ್ಚಿಯನ್ನು ಪೆರಿಯಾರ್‌ಗಾಗಿ ಖಾಲಿ ಬಿಟ್ಟರು. ಬಿಟ್ಟು ಬಂದ ಮೇಲೂ ಗುರುವಿನ ಜಾಗ ಗುರುವಿಗೇ. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಹಿಡಿಸುವುದು ಇದೇ.

ಹೆಸರಿನಲ್ಲೂ ಒಂದು ಸಣ್ಣ ಬದಲಾವಣೆ ಆಯಿತು. 'ದ್ರಾವಿಡರ್' ಹೋಗಿ 'ದ್ರಾವಿಡ' ಬಂತು. ಮೊದಲನೆಯದು ಜನರ ಹೆಸರು, ಎರಡನೆಯದು ನಾಡಿನ ಹೆಸರು. ಆ ನಾಡಿನಲ್ಲಿರುವ ಯಾರು ಬೇಕಾದರೂ ಬರಬಹುದು ಅನ್ನುವ ಅರ್ಥ ಒಂದೇ ಅಕ್ಷರ ಬಿಟ್ಟಿದ್ದರಿಂದ ಸಿಕ್ಕಿತು.

ಬಾವುಟದಲ್ಲೂ ಹಾಗೇ ಆಯಿತು. ವೃತ್ತ ಹೋಯಿತು, ಮೇಲರ್ಧ ಕಪ್ಪು, ಕೆಳಗಿನರ್ಧ ಕೆಂಪು. ಕಪ್ಪು ಅಂದರೆ ಸಮಾಜ, ರಾಜಕೀಯ, ಹಣಕಾಸಿನ ಬದುಕಿನಲ್ಲಿ ಕವಿದ ಕತ್ತಲೆ, ಕೆಂಪು ಅಂದರೆ ಕೆಳಗಿನಿಂದ ಮೇಲೇರುತ್ತಾ ಆ ಕತ್ತಲೆಯನ್ನು ಓಡಿಸುವ ಬೆಳಕು. ಬೆಳಗಿನ ಜಾವ ಮೂಡಣ ದಿಕ್ಕಿಗೆ ನೋಡಿದರೆ ಮೇಲೆ ಇನ್ನೂ ಕತ್ತಲೆ, ಅಂಚಿನಲ್ಲಿ ಕೆಂಪು ಇರುತ್ತದಲ್ಲ, ಹಾಗೆ. ಚುನಾವಣಾ ಚಿಹ್ನೆಯೂ ಉದಯಿಸುವ ಸೂರ್ಯ, ಎರಡೂ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಕೆಂಪು ಕಂಡ ತಕ್ಷಣ ಸುಮ್ನೆ ಕಮ್ಯುನಿಸ್ಟ್ ಅಂದುಕೊಳ್ಳುವವರು ಕಪ್ಪಿನ ಜೊತೆ ಅದನ್ನು ಓದಬೇಕು.

ಈ ಬಾವುಟ ಹಿಡಿದವರು 1957ರಲ್ಲಿ ಮೊದಲ ಸಲ ಚುನಾವಣೆಗೆ ನಿಂತರು. ಹತ್ತೇ ವರ್ಷಕ್ಕೆ, 1967ರಲ್ಲಿ, ಕಾಂಗ್ರೆಸ್ಸನ್ನು ಸೋಲಿಸಿ ಅಧಿಕಾರ ಹಿಡಿದರು. ಕಾಮರಾಜರಂಥ ನಾಯಕರೇ ಆ ಸಲ ಸೋತರು. ಅಣ್ಣಾದುರೈ ಮುಖ್ಯಮಂತ್ರಿಯಾದರು, 1969ರಲ್ಲಿ ತೀರಿಕೊಂಡರು.

ಮುಂದೆ ಪಕ್ಷ ಒಡೆದಾಗಲೂ ಬಣ್ಣ ಮಾತ್ರ ಯಾರೂ ಬಿಡಲಿಲ್ಲ. 1972ರಲ್ಲಿ ಎಂಜಿಆರ್ ಹೊರಬಂದು ಅಣ್ಣಾ ಡಿಎಂಕೆ ಕಟ್ಟಿದಾಗ ಅದೇ ಕಪ್ಪು-ಕೆಂಪಿನ ನಡುವೆ ಬೆರಳು ತೋರಿಸುತ್ತಿರುವ ಅಣ್ಣಾದುರೈ ಅವರ ಬಿಳಿ ಚಿತ್ರ ಸೇರಿಸಿಕೊಂಡರು. ಆಮೇಲೆ ವೈಕೋ ಎಂಡಿಎಂಕೆ ಕಟ್ಟಿ ಕೆಂಪು-ಕಪ್ಪು-ಕೆಂಪು ಪಟ್ಟಿ ಮಾಡಿಕೊಂಡರು. ತಮಿಳುನಾಡಿನ ಊರುಗಳಲ್ಲಿ ಕಾರ್ಯಕರ್ತರು ಉಡುವ ಬಿಳಿ ಪಂಚೆಯ ಅಂಚಿನಲ್ಲೂ ಇದನ್ನು ನೋಡಬಹುದು. ಕಪ್ಪು, ಕೆಂಪು ಎರಡೇ ಇದ್ದರೆ ಡಿಎಂಕೆ, ನಡುವೆ ಒಂದು ಬಿಳಿ ಗೆರೆ ಹಾದಿದ್ದರೆ ಅಣ್ಣಾ ಡಿಎಂಕೆ.